ಬಿಲ್ಲೆ ಮತ್ತು ಸೇಡು: ವ್ಯಾಟ್ ಅರ್ಪ್

ಇಲಿನಾಯ್ ಪ್ರಾಂತದ ಮನ್‌ಮೌತ್‌ನಲ್ಲಿ 1848ರ ಮಾರ್ಚ್ 19ರಂದು ಜನಿಸಿದ ವ್ಯಾಟ್ ಅರ್ಪ್, 1870ರಲ್ಲಿ ಮಿಸೌರಿಯ ಲಾಮರ್ ಎಂಬ ಪುಟ್ಟ ಊರಿನ ಕಾನ್‌ಸ್ಟೆಬಲ್ ಆದ. ಅದೇ ವರ್ಷ ಪತ್ನಿ ತೀರಿಕೊಂಡಳು. ಮರುವರ್ಷ ಕುದುರೆ ಕಳವಿನ ಆರೋಪವೂ ಎದುರಾಯಿತು. ಆದರೂ ಕಾನ್ಸಾಸ್‌ನ ಜಾನುವಾರು ಪೇಟೆಗಳಾದ ವಿಚಿಟಾ, ಡಾಡ್ಜ್ ಸಿಟಿಗಳಲ್ಲಿ ಪೊಲೀಸ್ ಹುದ್ದೆ ಮತ್ತೆ ಒಲಿಯಿತು.

1879ರ ಕೊನೆಗೆ ಆತ ಅರಿಜೋನಾದ ಬೆಳ್ಳಿ ಗಣಿಯೂರು ಟೂಂಬ್‌ಸ್ಟೋನ್‌ಗೆ ಬಂದ. ಮುಂದೆ ಅಣ್ಣ ವರ್ಜಿಲ್ ಅಲ್ಲಿನ ಪೊಲೀಸ್ ಮುಖ್ಯಸ್ಥನಾದ. ಊರೊಳಗೆ ಬಂದೂಕು ಧರಿಸುವುದು ನಿಷಿದ್ಧವಾಗಿತ್ತು. 1881ರ ಅಕ್ಟೋಬರ್ 26ರಂದು ನಿಷೇಧ ಮೀರಿದವರ ಶಸ್ತ್ರ ಕಸಿಯಲು ಸೋದರರು ಹೋದಾಗ ಸುಮಾರು 30 ಸೆಕೆಂಡುಗಳ ಗುಂಡಿನ ಕಾಳಗ ನಡೆದು ಮೂವರು ಹತರಾದರು. ವಿಚಾರಣೆ ನಡೆಸಿದ ನ್ಯಾಯಾಧೀಶರು ಸೋದರರನ್ನು ಬಿಡುಗಡೆ ಮಾಡಿದರು.

ಆದರೆ ಹಗೆ ಆರಲಿಲ್ಲ. ಡಿಸೆಂಬರ್‌ನಲ್ಲಿ ಗುಂಡೇಟಿಗೆ ವರ್ಜಿಲ್‌ನ ತೋಳು ಊನವಾಯಿತು. 1882ರ ಮಾರ್ಚ್‌ನಲ್ಲಿ ತಮ್ಮ ಮಾರ್ಗನ್ ಕೊಲೆಯಾದ. ಆಗ ಕೇಂದ್ರ ಸರ್ಕಾರದ ಉಪ ಮಾರ್ಷಲ್ ಆಗಿದ್ದ ವ್ಯಾಟ್, ಶಂಕಿತರನ್ನು ನ್ಯಾಯಾಲಯಕ್ಕೆ ತರುವ ಬದಲು ಬೆನ್ನಟ್ಟಿ ಕೊಂದ. ಕಾನೂನಿನ ರಕ್ಷಕನ ಮೇಲೆಯೇ ಕೊಲೆ ಆರೋಪದ ವಾರಂಟ್ ಹೊರಟಿತು; ಆತ ಅರಿಜೋನಾ ತೊರೆದ.

1929ರ ಜನವರಿ 13ರಂದು, 80ನೇ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಆತ ನಿಧನನಾದ. 1931ರಲ್ಲಿ ಬಂದ ಜೀವನಚರಿತ್ರೆ ಮತ್ತು ನಂತರದ ಚಲನಚಿತ್ರಗಳು ಆತನನ್ನು ವೀರನಾಗಿಸಿದವು. ಸೋದರನ ರಕ್ತ ಕಂಡ ಅಧಿಕಾರಿಗೂ ಕಾನೂನಿನ ಗೆರೆ ಒಂದೇ ಎಂಬ ಎಚ್ಚರಿಕೆ ಮಾತ್ರ ಆ ವೀರಗಾಥೆಯಲ್ಲಿ ಮಸುಕಾಯಿತು.