ತೊರೆದ ಆಟವನ್ನು ಮಕ್ಕಳಿಗಾಗಿ ಮರಳಿ ಪಡೆದ ಸಂತ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಧರ್ಮಕೇಂದ್ರಗಳಲ್ಲಿ ಕ್ರಿಸ್ತಜಯಂತಿಗೋ ಪಾಲಕ ಸಂತರ ಹಬ್ಬಕ್ಕೋ ಮಕ್ಕಳು ನಾಟಕ ಕಟ್ಟಲು ಹೊರಟಾಗ ಹಿರಿಯರಲ್ಲಿ ಒಂದು ಪ್ರಶ್ನೆ ಏಳುವುದುಂಟು. ದೇವಾಲಯದ ಅಂಗಳಕ್ಕೂ ಬಣ್ಣದ ವೇಷಕ್ಕೂ ಏನು ಸಂಬಂಧ? ಪ್ರಾರ್ಥನೆಗೂ ಓದಿಗೂ ಸಲ್ಲಬೇಕಾದ ಹೊತ್ತು ಆಟಕ್ಕೆ ಸಲ್ಲುವುದು ಸರಿಯೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಏಕೆಂದರೆ ಅದನ್ನು ತಮ್ಮ ಬದುಕಿನಲ್ಲಿಯೇ ಎದುರಿಸಿ ಉತ್ತರ ಕಂಡುಕೊಂಡ ಸಂತರೊಬ್ಬರಿದ್ದಾರೆ. ಪ್ರತಿವರ್ಷ ಜನವರಿ 31ರಂದು ಧರ್ಮಸಭೆ ಸ್ಮರಿಸುವ ಸಂತ ಜಾನ್ ಬೋಸ್ಕೊ, ಅಂದರೆ ನಮಗೆಲ್ಲ ಪರಿಚಿತರಾದ ಡಾನ್ ಬೋಸ್ಕೊ ಅವರೇ ಆ ಮಹನೀಯರು.

ಇಟಲಿಯ ಪೀಡ್ಮಾಂಟ್ ಪ್ರಾಂತ್ಯದ ಬೆಕ್ಕಿ ಎಂಬ ಪುಟ್ಟ ಹಳ್ಳಿಯ ಬಡ ರೈತ ಕುಟುಂಬದಲ್ಲಿ 1815ರ ಆಗಸ್ಟ್ 16ರಂದು ಅವರು ಜನಿಸಿದರು. ಎರಡು ವರ್ಷ ತುಂಬುವ ಮುನ್ನವೇ ತಂದೆ ತೀರಿಕೊಂಡರು. ತಾಯಿ ಮಾರ್ಗರೀತಾ ಹೊಲದಲ್ಲಿ ದುಡಿದು ಮಕ್ಕಳನ್ನು ಸಾಕಿದರು. ಬಾಲಕ ಜಾನ್ ಜಾತ್ರೆ ಸಂತೆಗಳಲ್ಲಿ ಆಟ ಕಟ್ಟುವವರನ್ನು ಎವೆಯಿಕ್ಕದೆ ನೋಡಿ, ಹಗ್ಗದ ಮೇಲೆ ನಡೆಯುವುದನ್ನೂ ಕೈಚಳಕದ ಆಟಗಳನ್ನೂ ಮನೆಯ ಬಳಿ ಬಿದ್ದು ಎದ್ದು ಕಲಿತನು. ಭಾನುವಾರ ನೆರೆಹೊರೆಯವರು ಅವನ ಆಟ ನೋಡಲು ಸೇರುತ್ತಿದ್ದರು. ಆಟಕ್ಕೆ ಕಾಸಿನ ಶುಲ್ಕವಿರಲಿಲ್ಲ. ಎಲ್ಲರೂ ಜಪಸರ ಹೇಳಬೇಕಿತ್ತು, ಬೆಳಗಿನ ಪೂಜೆಯಲ್ಲಿ ಕೇಳಿದ ಪ್ರಬೋಧನೆಯನ್ನು ಅವನ ಬಾಯಿಂದ ಇನ್ನೊಮ್ಮೆ ಕೇಳಬೇಕಿತ್ತು.

ಓದಿಗಾಗಿ ಕಿಯೇರಿ ಪಟ್ಟಣಕ್ಕೆ ಬಂದ ಮೇಲೆ ಅವರು ಗೆಳೆಯರನ್ನು ಕೂಡಿಸಿ ಹರ್ಷದ ಸಂಘವೊಂದನ್ನು ಕಟ್ಟಿದರು. ಅಲ್ಲಿಗೆ ಬಂದ ಕಸರತ್ತುಗಾರನೊಬ್ಬ ಹುಡುಗರನ್ನು ದೇವಾಲಯದಿಂದ ದೂರ ಸೆಳೆಯುತ್ತಿದ್ದಾಗ, ಓಟ, ಜಿಗಿತ, ಮರ ಹತ್ತುವ ಪಂದ್ಯಗಳಲ್ಲಿ ಅವನನ್ನು ಸೋಲಿಸಿದರು. ಗೆದ್ದ ಹಣವನ್ನು ಅವನಿಗೇ ಮರಳಿಸಿ, ಬದಲಾಗಿ ಗೆಳೆಯರಿಗೆಲ್ಲ ಒಂದು ಊಟ ಹಾಕಿಸಿದರು.

ಇಷ್ಟೊಂದು ಪ್ರೀತಿಸಿದ್ದ ಆ ಕಲೆಯನ್ನು ಅವರು ತೊರೆದರು. 1835ರ ಅಕ್ಟೋಬರಿನಲ್ಲಿ ಗುರುವಿದ್ಯಾರ್ಥಿಯ ನಿಲುವಂಗಿ ತೊಡುವಾಗ ಮಾಡಿದ ಸಂಕಲ್ಪಗಳಲ್ಲಿ, ಸಾರ್ವಜನಿಕ ಪ್ರದರ್ಶನಗಳಿಗೆ ಹೋಗುವುದಿಲ್ಲವೆಂಬುದೂ ಕೈಚಳಕ ಮತ್ತು ಕಸರತ್ತುಗಳನ್ನು ಬಿಡುವೆನೆಂಬುದೂ ಸೇರಿದ್ದವು. ಆಗ ಅವರಿಗೆ ಇಪ್ಪತ್ತು ವರ್ಷ. ಜನರ ಚಪ್ಪಾಳೆಯ ರುಚಿ ಕಂಡ ಯುವಕನಿಗೆ ಇದು ಸಣ್ಣ ತ್ಯಾಗವಲ್ಲ.

1841ರ ಜೂನ್ 5ರಂದು ಗುರುದೀಕ್ಷೆ ಪಡೆದು ಟ್ಯೂರಿನ್ ನಗರಕ್ಕೆ ಬಂದ ಅವರು, ಸೆರೆಮನೆಗಳಲ್ಲಿ ಎಳೆಯ ಹುಡುಗರನ್ನು ಕಂಡು ತಲ್ಲಣಿಸಿದರು. ಗಾರೆ ಕೆಲಸಕ್ಕೂ ಹೊಗೆಗೂಡು ಗುಡಿಸಲಿಕ್ಕೂ ಹಳ್ಳಿಗಳಿಂದ ಬಂದ ಬಾಲಕರಿಗೆ ಹೇಳುವವರು ಕೇಳುವವರು ಇರಲಿಲ್ಲ. ಅಂಥವರನ್ನು ಭಾನುವಾರಗಳಂದು ಕೂಡಿಸತೊಡಗಿದರು. ಗದ್ದಲ ತಾಳದ ಜನ ಅವರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಎಬ್ಬಿಸಿದರು. ಅವರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಕೆಲವು ಗುರುಗಳೂ ಶಂಕಿಸಿದರು. ಕೊನೆಗೆ 1846ರ ಪುನರುತ್ಥಾನದ ಹಬ್ಬದಂದು ವಾಲ್ಡೊಕ್ಕೊ ಎಂಬಲ್ಲಿ ಒಂದು ಮುರುಕು ಕೊಟ್ಟಿಗೆ ಅವರ ಪ್ರಾರ್ಥನಾಲಯವಾಯಿತು. ಅದೇ ವರ್ಷ ತಾಯಿ ಮಾರ್ಗರೀತಾ ಹಳ್ಳಿ ತೊರೆದು ಬಂದು ಆ ಅನಾಥರಿಗೂ ತಾಯಿಯಾದರು.

ಅಲ್ಲಿ ರಂಗವೇದಿಕೆ ಎದ್ದಿತು. ತನಗಾಗಿ ತೊರೆದದ್ದನ್ನು ಡಾನ್ ಬೋಸ್ಕೊ ಮಕ್ಕಳಿಗಾಗಿ ಮರಳಿ ಪಡೆದರು. ಪೀಡ್ಮಾಂಟಿನಲ್ಲಿ 1850ರಿಂದ ದಶಮಾಂಶ ಪದ್ಧತಿಯ ತೂಕ ಅಳತೆಗಳು ಕಡ್ಡಾಯವಾಗಲಿದ್ದವು. ನಮ್ಮಲ್ಲಿ 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದಾಗ, ಮುಂದೆ ಸೇರು ಪಾವುಗಳು ಹೋಗಿ ಕಿಲೋ ಲೀಟರುಗಳು ಬಂದಾಗ ಸಂತೆಯಲ್ಲಿ ಹಿರಿಯರು ಪಟ್ಟ ಗೊಂದಲವನ್ನು ನೆನೆದರೆ, ಅಕ್ಷರ ಬಾರದ ಕೂಲಿ ಹುಡುಗರು ಎಷ್ಟು ಸುಲಭವಾಗಿ ಮೋಸಹೋಗಬಹುದಿತ್ತೆಂದು ತಿಳಿದೀತು. ಡಾನ್ ಬೋಸ್ಕೊ ಹೊಸ ಅಳತೆಗಳನ್ನೇ ವಸ್ತುವಾಗಿಸಿ ಹಾಸ್ಯ ಸಂಭಾಷಣೆಗಳ ನಾಟಕ ಬರೆದು, 1849ರಲ್ಲಿ ಹುಡುಗರಿಂದಲೇ ಆಡಿಸಿದರು. ನಗುತ್ತ ನಗುತ್ತ ಲೆಕ್ಕ ಕಲಿತವನು ಅಂಗಡಿಯಲ್ಲಿ ತನ್ನ ಹಕ್ಕನ್ನೂ ಉಳಿಸಿಕೊಳ್ಳಬಲ್ಲವನಾದನು.

ಆದರೂ ಅವರು ವೇದಿಕೆಗೆ ಕಡಿವಾಣವಿಲ್ಲದ ಸ್ವಾತಂತ್ರ್ಯ ಕೊಡಲಿಲ್ಲ. 1858ರಲ್ಲಿ ರಂಗಕ್ಕೆಂದೇ ನಿಯಮಗಳನ್ನು ರೂಪಿಸಿದರು. ನಾಟಕ ಸಂತೋಷ ನೀಡಬೇಕು, ತಿಳಿವು ನೀಡಬೇಕು, ಚುಟುಕಾಗಿರಬೇಕು. ದ್ವಂದ್ವಯುದ್ಧ, ಗುಂಡಿನ ಸದ್ದು, ಕ್ರೂರ ಬೆದರಿಕೆಗಳು, ಅಸಭ್ಯ ನುಡಿಗಳು ಕೂಡದು. ಪಾತ್ರ ಹಂಚುವಾಗ ಸನ್ನಡತೆಗೆ ಆದ್ಯತೆ. ಆ ವೇದಿಕೆಗಾಗಿ ಹಾಡು ಕಟ್ಟಿದವರಲ್ಲಿ ಅಲ್ಲಿಯೇ ಬೆಳೆದ ಜಾನ್ ಕಾಗ್ಲಿಯೆರೊ ಒಬ್ಬರು. ಹೊಗೆಗೂಡು ಗುಡಿಸುವ ಬಡ ಹುಡುಗನನ್ನು ಕುರಿತು ಗೀತೆ ರಚಿಸಿದ ಅವರು, 1875ರಲ್ಲಿ ಅರ್ಜೆಂಟೀನಾಕ್ಕೆ ಹೊರಟ ಪ್ರಥಮ ಸಲೇಷಿಯನ್ ಮಿಷನರಿಗಳ ಮುಖಂಡರಾದರು, 1915ರಲ್ಲಿ ಕಾರ್ಡಿನಲ್ ಪದವಿಗೇರಿದರು.

ಡಾನ್ ಬೋಸ್ಕೊ 1888ರ ಜನವರಿ 31ರಂದು ದೈವಾಧೀನರಾದರು. 1934ರ ಪುನರುತ್ಥಾನದ ಭಾನುವಾರ ಸಂತ ಪದವಿಗೇರಿಸಲ್ಪಟ್ಟರು. ಅವರ ಸಲೇಷಿಯನ್ ಗುರುಗಳು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ನೆಲೆಯೂರಿದರು. ನಮ್ಮ ರಾಜ್ಯದಲ್ಲಿಯೂ ಅವರ ಹೆಸರು ರಂಗಕಲೆಯೊಡನೆ ಬೆಸೆದಿದೆ: ಮಂಗಳೂರಿನಲ್ಲಿ 1943ರಲ್ಲಿ ಹುಟ್ಟಿದ ಕೊಂಕಣಿ ನಾಟಕ ಸಭಾದ ನೆಲೆ ಡಾನ್ ಬೋಸ್ಕೊ ಹಾಲ್.

ಪ್ರಿಯ ಓದುಗರೇ, ಸಾಧನ ಯಾವುದು, ಸಾಧ್ಯ ಯಾವುದು ಎಂಬ ವಿವೇಕವೇ ಈ ಜೀವನದ ತಿರುಳು. ಮೆಚ್ಚುಗೆಯೇ ಗುರಿಯಾದಾಗ ಆಟ ಮನುಷ್ಯನನ್ನು ಕಟ್ಟಿಹಾಕುತ್ತದೆ. ಅದಕ್ಕೇ ಅವರು ಅದನ್ನು ಬಿಟ್ಟರು. ಮಗುವಿನ ಏಳಿಗೆ ಗುರಿಯಾದಾಗ ಅದೇ ಆಟ ಸೇವೆಯಾಗುತ್ತದೆ; ಅದಕ್ಕೇ ಅವರು ಅದನ್ನು ಮರಳಿ ಕೈಗೆತ್ತಿಕೊಂಡರು. ಈ ಅಳತೆಗೋಲು ನಮಗೂ ಸಲ್ಲುತ್ತದೆ. ಹಬ್ಬದ ನಾಟಕದಲ್ಲಿ ಯಾರ ಮಗನಿಗೆ ರಾಜನ ಪಾತ್ರ ಸಿಕ್ಕಿತೆಂದು ಮನಸ್ತಾಪ ಬೆಳೆಸಿದರೆ ದೀಪಾಲಂಕಾರವೆಲ್ಲ ವ್ಯರ್ಥ. ಮಾತು ತೊದಲುವ ಮಗುವಿಗೆ, ಕೂಲಿಗೆ ಹೋಗಿ ಬಂದು ದಣಿದ ಹುಡುಗನಿಗೆ ಕುರುಬನ ಪಾತ್ರವಾದರೂ ದೊರೆತು, ಅವನ ಹೆಸರು ಊರಿಗೆ ಕೇಳುವಂತಾದರೆ, ಗೋದಲಿಯ ಬಾಲಯೇಸು ಅಂದು ನಮ್ಮ ಅಂಗಳದಲ್ಲಿ ನಿಜವಾಗಿ ಜನಿಸಿದಂತೆ. ಹೆತ್ತವರು ಮಕ್ಕಳನ್ನು ಅಭ್ಯಾಸಕ್ಕೆ ಕಳುಹಿಸಲಿ. ಮೊದಲು ಜಪಸರ, ಆಮೇಲೆ ಆಟ ಎಂಬ ಬೆಕ್ಕಿಯ ಬಾಲಕನ ಕ್ರಮವನ್ನು ಮಾತ್ರ ಮರೆಯದಿರಲಿ.