ಶಾರ್ಲೆಟ್ ಬ್ರಾಂಟೆ: ‘ಜೇನ್ ಐರ್’ ಬರೆದ ಶಾಲಾ ಶಿಕ್ಷಕಿ

ಶಾಲೆಯೊಂದು ಐವತ್ತು ವರ್ಷ ಪೂರೈಸಿದ ಈ ಹೊತ್ತಿನಲ್ಲಿ, ಶಾಲೆಯ ಕಥೆ ಬರೆದು ಲೋಕಪ್ರಸಿದ್ಧಳಾದ ಒಬ್ಬ ಶಿಕ್ಷಕಿಯನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ. ಆಕೆ ಶಾರ್ಲೆಟ್ ಬ್ರಾಂಟೆ. ಆಕೆಯ ‘ಜೇನ್ ಐರ್’ ಕಾದಂಬರಿಯನ್ನು ನಮ್ಮಲ್ಲಿ ಹಲವರು ಪ್ರೇಮಕಥೆಯೆಂದು ಓದಿದ್ದೇವೆ. ಆದರೆ ಆಕೆಯ ಬದುಕನ್ನೂ ಆ ಕಾಲದ ಇಂಗ್ಲೆಂಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಅದು ಬೇರೆಯೇ ಪುಸ್ತಕವಾಗುತ್ತದೆ. ಆಸ್ತಿಯಿಲ್ಲದ ಹುಡುಗಿಯೊಬ್ಬಳು ಕಲಿತ ವಿದ್ಯೆಯಿಂದಲೇ ತಲೆಯೆತ್ತಿ ಬದುಕಬಹುದೇ ಎಂಬುದು ಅದರ ಪ್ರಶ್ನೆ.

ಶಾರ್ಲೆಟ್ ಹುಟ್ಟಿದ್ದು 1816ರ ಏಪ್ರಿಲ್ 21ರಂದು, ಯಾರ್ಕ್‌ಷೈರಿನ ಥಾರ್ನ್‌ಟನ್ ಎಂಬ ಹಳ್ಳಿಯಲ್ಲಿ. ತಂದೆ ಪ್ಯಾಟ್ರಿಕ್ ಬ್ರಾಂಟೆ ಐರ್ಲೆಂಡಿನ ಬಡ ರೈತ ಕುಟುಂಬದವರು. ಊರಲ್ಲಿ ಮೇಷ್ಟರಾಗಿ ದುಡಿದು, ಕೇಂಬ್ರಿಡ್ಜ್ ಸೇರಿ ಓದಿ ಪಾದ್ರಿಯಾದವರು. ವಿದ್ಯೆಯೊಂದೇ ಅವರನ್ನು ಮೇಲೆತ್ತಿತ್ತು. 1820ರಲ್ಲಿ ಕುಟುಂಬ ಹಾವರ್ತ್ ಎಂಬ ಗುಡ್ಡದೂರಿಗೆ ಬಂತು. ಮರುವರ್ಷವೇ ತಾಯಿ ತೀರಿಕೊಂಡರು. ಹಿರಿಯವಳಾದ ಮರಿಯಾಗೆ ಆಗ ಎಂಟು ವರ್ಷವೂ ತುಂಬಿರಲಿಲ್ಲ. ಅವಳ ಕೆಳಗೆ ಇನ್ನೂ ಐದು ಮಕ್ಕಳು. ಚಿಕ್ಕಮ್ಮದೇವರಂತೆ ತಾಯಿಯ ಅಕ್ಕ ಬಂದು ಮನೆ ನೋಡಿಕೊಂಡರು.

ಆಸ್ತಿಯಿಲ್ಲದ ಪಾದ್ರಿಯ ಹೆಣ್ಣುಮಕ್ಕಳ ಗತಿಯೇನು? ತಂದೆ ಕಣ್ಣು ಮುಚ್ಚಿದರೆ ಚರ್ಚು ಕೊಟ್ಟ ಮನೆಯನ್ನೂ ಬಿಡಬೇಕು. ಆ ಚಿಂತೆಯಲ್ಲೇ 1824ರಲ್ಲಿ ನಾಲ್ವರು ಹುಡುಗಿಯರನ್ನು ಕೌವನ್ ಬ್ರಿಜ್ ಎಂಬಲ್ಲಿನ ವಸತಿ ಶಾಲೆಗೆ ಸೇರಿಸಲಾಯಿತು. ಬಡ ಪಾದ್ರಿಗಳ ಹೆಣ್ಣುಮಕ್ಕಳಿಗೆಂದೇ ವಿಲಿಯಂ ಕೇರಸ್ ವಿಲ್ಸನ್ ಎಂಬ ಪಾದ್ರಿ ದಾನಿಗಳ ನೆರವಿನಿಂದ ತೆರೆದ ಶಾಲೆಯದು. ವರ್ಷಕ್ಕೆ 14 ಪೌಂಡ್ ಶುಲ್ಕ. ಉಳಿದದ್ದು ದಾನದ ಹಣ. ಎಂಟು ವರ್ಷದ ಶಾರ್ಲೆಟ್ ಸೇರಿದಾಗ ದಾಖಲಾತಿ ಪುಸ್ತಕದಲ್ಲಿ ಬರೆದ ಷರಾ ಇಂದಿಗೂ ಉಳಿದಿದೆ. ಬರವಣಿಗೆ ಅಷ್ಟಕ್ಕಷ್ಟೇ, ವ್ಯಾಕರಣ, ಭೂಗೋಳ, ಇತಿಹಾಸ ಏನೂ ತಿಳಿಯದು, ವಯಸ್ಸಿಗೆ ತಕ್ಕಂತೆ ಜಾಣೆ, ಆದರೆ ಯಾವುದನ್ನೂ ಕ್ರಮವಾಗಿ ಕಲಿತಿಲ್ಲ ಎಂಬುದು ಅದರ ಸಾರಾಂಶ.

ಆ ಶಾಲೆಯಲ್ಲಿ ಚಳಿ, ಅರೆಹೊಟ್ಟೆ ಮತ್ತು ಕಟ್ಟುನಿಟ್ಟಿನ ಶಿಸ್ತು. 1825ರ ವಸಂತದಲ್ಲಿ ಮಕ್ಕಳಲ್ಲಿ ಜ್ವರ ಹರಡಿತು. ಮರಿಯಾ ಮತ್ತು ಎಲಿಜಬೆತ್ ಕ್ಷಯದಿಂದ ನರಳುತ್ತ ಮನೆಗೆ ಮರಳಿದರು. ಮೇ 6ರಂದು ಮರಿಯಾ, ಜೂನ್ 15ರಂದು ಎಲಿಜಬೆತ್ ಅಸುನೀಗಿದರು. ಒಬ್ಬಳಿಗೆ ಹನ್ನೊಂದು, ಇನ್ನೊಬ್ಬಳಿಗೆ ಹತ್ತು ವರ್ಷ. ಶಾರ್ಲೆಟ್ ಮತ್ತು ಎಮಿಲಿಯನ್ನು ತಂದೆ ಮನೆಗೆ ಕರೆತಂದರು. ಒಂಬತ್ತು ವರ್ಷದ ಶಾರ್ಲೆಟ್ ಈಗ ಮನೆಯ ಹಿರಿಯ ಮಗಳು.

‘ಜೇನ್ ಐರ್’ ಕಾದಂಬರಿಯ ಲೋವುಡ್ ಶಾಲೆ ಈ ಕೌವನ್ ಬ್ರಿಜ್ಜೇ. ಸೀದುಹೋದ ಗಂಜಿ, ಮುಖ ತೊಳೆಯುವ ನೀರೇ ಹೆಪ್ಪುಗಟ್ಟುವ ಚಳಿ, ಅನಾಥರಿಗೆ ಹಸಿವೇ ಸದ್ಗುಣ ಕಲಿಸುತ್ತದೆಂದು ಉಪದೇಶಿಸುವ ಧರ್ಮದರ್ಶಿ, ಇವೆಲ್ಲ ಆ ನೆನಪಿನಿಂದ ಬಂದವು. ಶಿಕ್ಷೆಯನ್ನು ಸಹಿಸಿಕೊಂಡು ಗೆಳತಿಯ ಮಗ್ಗುಲಲ್ಲೇ ಪ್ರಾಣಬಿಡುವ ಹೆಲೆನ್ ಬರ್ನ್ಸ್ ಎಂಬ ಹುಡುಗಿ ಅಕ್ಕ ಮರಿಯಾಳ ಪ್ರತಿರೂಪ. ಆದರೂ ಶಾರ್ಲೆಟ್ ಶಾಲೆ ಎಂಬುದನ್ನೇ ದ್ವೇಷಿಸಲಿಲ್ಲ. ಕಾದಂಬರಿಯಲ್ಲಿ ಜ್ವರ ಹಲವು ಮಕ್ಕಳನ್ನು ಬಲಿ ತೆಗೆದುಕೊಂಡ ಮೇಲೆ ವಿಚಾರಣೆ ನಡೆಯುತ್ತದೆ, ಶಾಲೆ ಸುಧಾರಿಸುತ್ತದೆ, ಜೇನ್ ಅಲ್ಲೇ ಓದಿ ಅಲ್ಲೇ ಶಿಕ್ಷಕಿಯಾಗುತ್ತಾಳೆ.

ಶಾರ್ಲೆಟ್ ಬದುಕೂ ಅದೇ ದಾರಿ ಹಿಡಿಯಿತು. 1831ರಲ್ಲಿ ಆಕೆ ಮಾರ್ಗರೆಟ್ ವೂಲರ್ ಎಂಬ ಒಳ್ಳೆಯ ಗುರುವಿನ ರೋ ಹೆಡ್ ಶಾಲೆ ಸೇರಿ, 1835ರಲ್ಲಿ ಅಲ್ಲೇ ಶಿಕ್ಷಕಿಯಾದಳು. ಆಮೇಲೆ ಗವರ್ನೆಸ್ ಕೆಲಸ. ಎಂದರೆ ಸಿರಿವಂತರ ಮನೆಯಲ್ಲಿ ಉಳಿದು ಅವರ ಮಕ್ಕಳಿಗೆ ಪಾಠ ಹೇಳುವುದು. ವಿದ್ಯಾವಂತ ಬಡ ಹೆಣ್ಣುಮಗಳಿಗೆ ಮರ್ಯಾದೆಯ ಉದ್ಯೋಗವೆಂದರೆ ಆಗ ಹೆಚ್ಚುಕಡಿಮೆ ಅದೊಂದೇ. ಆಳುಗಳ ಜೊತೆ ಸೇರುವಂತಿಲ್ಲ, ಯಜಮಾನರ ಜೊತೆ ಕೂರುವಂತಿಲ್ಲ. ಪಾಠ ಮುಗಿದ ಮೇಲೆ ಬಟ್ಟೆ ಹೊಲಿಗೆ. 1841ರಲ್ಲಿ ಒಂದು ಮನೆಯಲ್ಲಿ ಆಕೆಯ ಸಂಬಳ ವರ್ಷಕ್ಕೆ 20 ಪೌಂಡ್. ಅದರಲ್ಲಿ ಬಟ್ಟೆ ಒಗೆಸಿದ್ದಕ್ಕೆಂದು 4 ಪೌಂಡ್ ಮುರಿದುಕೊಳ್ಳುತ್ತಿದ್ದರು. ಕಾದಂಬರಿಯಲ್ಲಿ ಜೇನ್‌ಗೆ ಲೋವುಡ್‌ನಲ್ಲಿ 15 ಪೌಂಡ್, ಥಾರ್ನ್‌ಫೀಲ್ಡ್ ಬಂಗಲೆಯಲ್ಲಿ 30 ಪೌಂಡ್. ಸಂಬಳ ಇಮ್ಮಡಿಯಾಯಿತೆಂದು ಅವಳು ಹಿಗ್ಗುವುದರ ಬೆಲೆ ಈ ಲೆಕ್ಕ ಗೊತ್ತಿದ್ದರೆ ತಿಳಿಯುತ್ತದೆ.

ತಮ್ಮದೇ ಶಾಲೆ ತೆರೆಯಬೇಕೆಂಬುದು ಅಕ್ಕತಂಗಿಯರ ಕನಸು. ಅದಕ್ಕಾಗಿ ಫ್ರೆಂಚ್ ಚೆನ್ನಾಗಿ ಕಲಿಯಲು 1842ರಲ್ಲಿ ಶಾರ್ಲೆಟ್ ಮತ್ತು ಎಮಿಲಿ ಬ್ರಸೆಲ್ಸ್‌ಗೆ ಹೋದರು. 1844ರಲ್ಲಿ ಹಾವರ್ತ್ ಮನೆಯಲ್ಲೇ ಶಾಲೆ ತೆರೆಯುವುದಾಗಿ ಕರಪತ್ರ ಅಚ್ಚು ಹಾಕಿಸಿ ಹಂಚಿದರು. ಒಬ್ಬ ವಿದ್ಯಾರ್ಥಿನಿಯೂ ಬರಲಿಲ್ಲ.

ಶಾಲೆ ಕೈಗೂಡದಾಗ ಲೇಖನಿ ಉಳಿಯಿತು. 1837ರಲ್ಲೇ ಆಸ್ಥಾನಕವಿ ರಾಬರ್ಟ್ ಸೌದಿಗೆ ಆಕೆ ಕವಿತೆಗಳನ್ನು ಕಳಿಸಿದ್ದಾಗ, ಸಾಹಿತ್ಯ ಹೆಂಗಸರ ಕಸುಬಲ್ಲ ಎಂಬರ್ಥದ ಉತ್ತರ ಬಂದಿತ್ತು. 1846ರಲ್ಲಿ ಮೂವರು ಸೋದರಿಯರು ಕರರ್, ಎಲಿಸ್, ಆಕ್ಟನ್ ಬೆಲ್ ಎಂಬ ಹೆಸರುಗಳ ಮರೆಯಲ್ಲಿ ಕವನ ಸಂಕಲನ ತಂದರು. ಮೊದಲ ವರ್ಷ ಮಾರಾಟವಾದದ್ದು ಎರಡೇ ಪ್ರತಿ. ಅದೇ ಆಗಸ್ಟಿನಲ್ಲಿ ತಂದೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಮ್ಯಾಂಚೆಸ್ಟರಿಗೆ ಹೋದ ಶಾರ್ಲೆಟ್, ಕತ್ತಲೆ ಕೋಣೆಯಲ್ಲಿ ಮಲಗಿದ್ದ ಅವರ ಆರೈಕೆ ಮಾಡುತ್ತಲೇ ‘ಜೇನ್ ಐರ್’ ಬರೆಯಲು ಕುಳಿತಳು. 1847ರ ಅಕ್ಟೋಬರಿನಲ್ಲಿ ಸ್ಮಿತ್, ಎಲ್ಡರ್ ಸಂಸ್ಥೆ ಅದನ್ನು ಪ್ರಕಟಿಸಿತು. ಕೂಡಲೇ ಮನೆಮಾತಾಯಿತು.

ಕಥೆಯ ತಿರುವುಗಳ ಹಿಂದೆಯೂ ಆ ಕಾಲವೇ ಇದೆ. ಜಮೈಕಾದ ತೋಟಗಾರಿಕೆಯ ಸಿರಿ ಗುಲಾಮರ ದುಡಿತದಿಂದ ಬಂದದ್ದು. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದದ್ದು 1833ರಲ್ಲಿ. ಅಲ್ಲಿಂದ 30,000 ಪೌಂಡ್ ವರದಕ್ಷಿಣೆಯೊಂದಿಗೆ ಬಂದ ರಾಚೆಸ್ಟರನ ಹೆಂಡತಿ ಹುಚ್ಚಿಯೆಂದು ಅಟ್ಟದಲ್ಲಿ ಬಂಧಿತಳು. ಅವಳ ಕಡೆಯ ಮಾತನ್ನು ಕಾದಂಬರಿ ಎಲ್ಲೂ ಹೇಳುವುದಿಲ್ಲ. ರಾಚೆಸ್ಟರ್ ಏಕೆ ವಿಚ್ಛೇದನ ಪಡೆಯಲಿಲ್ಲ ಎಂದು ಇಂದಿನ ಓದುಗರು ಕೇಳಬಹುದು. ಮರುಮದುವೆಗೆ ಅವಕಾಶವಿರುವ ವಿಚ್ಛೇದನಕ್ಕೆ 1857ಕ್ಕೆ ಮುಂಚೆ ಪಾರ್ಲಿಮೆಂಟಿನಲ್ಲೇ ಪ್ರತ್ಯೇಕ ಮಸೂದೆ ಪಾಸಾಗಬೇಕಿತ್ತು. ಅದಕ್ಕೂ ಹುಚ್ಚು ಕಾರಣವಾಗುತ್ತಿರಲಿಲ್ಲ.

ಆ ಬಂಗಲೆ ಬಿಟ್ಟು ಬರಿಗೈಯಲ್ಲಿ ಹೊರಟ ಜೇನ್ ಹಳ್ಳಿಯ ಹೆಣ್ಣುಮಕ್ಕಳ ಶಾಲೆಯ ಮೇಡಂ ಆಗುತ್ತಾಳೆ. ಇಪ್ಪತ್ತು ಹುಡುಗಿಯರಲ್ಲಿ ಓದಬಲ್ಲವರು ಮೂವರು. ಬರೆಯಲು ಒಬ್ಬರಿಗೂ ಬಾರದು. ಶಾಲೆಗಳಿಗಾಗಿ ಬ್ರಿಟಿಷ್ ಸರ್ಕಾರ 1833ರಲ್ಲಿ ಮೊದಲ ಬಾರಿಗೆ ಕೊಟ್ಟ ಅನುದಾನ 20,000 ಪೌಂಡ್. ಕಾದಂಬರಿಯಲ್ಲಿ ಜೇನ್‌ಗೆ ಚಿಕ್ಕಪ್ಪನ ಉಯಿಲಿನಿಂದ ಬರುವ ಹಣವೂ ಅಷ್ಟೇ! ಅದನ್ನು ಅವಳು ಬಂಧುಗಳೊಡನೆ ಸಮನಾಗಿ ಹಂಚಿಕೊಳ್ಳುತ್ತಾಳೆ.

ಇಲ್ಲಿ ನಮ್ಮ ನಾಡಿಗೂ ಒಂದು ಎಳೆಯಿದೆ. ಬಂಧು ಸೇಂಟ್ ಜಾನ್ ಮಿಷನರಿಯಾಗಿ ಭಾರತಕ್ಕೆ ಹೊರಡುತ್ತ, ಜೇನ್‌ಗೆ ಹಿಂದೂಸ್ತಾನಿ ಕಲಿಸಿ, ಮದುವೆಯಾಗಿ ಜೊತೆಗೆ ಬಾ ಎನ್ನುತ್ತಾನೆ. 1813ರ ಕಾನೂನು ಮಿಷನರಿಗಳಿಗೆ ಭಾರತದ ಬಾಗಿಲು ತೆರೆದಿತ್ತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದೂ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟದ್ದೂ ಇದೇ ಕಾಲದಲ್ಲಿ. ಪ್ರೀತಿಯಿಲ್ಲದ ಆ ಮದುವೆಯನ್ನು ಜೇನ್ ನಿರಾಕರಿಸುತ್ತಾಳೆ.

ಕೀರ್ತಿಯ ಬೆನ್ನಿಗೇ ಸಾವು ಬಂತು. ತಮ್ಮ ಬ್ರಾನ್‌ವೆಲ್ 1848ರ ಸೆಪ್ಟೆಂಬರಿನಲ್ಲಿ, ಎಮಿಲಿ ಡಿಸೆಂಬರಿನಲ್ಲಿ, ಆನ್ 1849ರ ಮೇನಲ್ಲಿ ತೀರಿಕೊಂಡರು. ಹಾವರ್ತ್ ಊರೇ ಹಾಗಿತ್ತು. ತಂದೆ ಮತ್ತು ಊರವರ ಮನವಿಯ ಮೇರೆಗೆ 1850ರಲ್ಲಿ ಬಂದ ಆರೋಗ್ಯ ತನಿಖಾಧಿಕಾರಿ ಬೆಂಜಮಿನ್ ಬ್ಯಾಬೇಜ್, ಕಲುಷಿತ ನೀರು, ತೆರೆದ ಚರಂಡಿ, ತುಂಬಿದ ಸ್ಮಶಾನಗಳನ್ನು ಕಂಡರು. ಸತ್ತವರ ಸರಾಸರಿ ವಯಸ್ಸು ಸುಮಾರು 25. ನೂರಕ್ಕೆ 41 ಮಂದಿ ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು.

ಶಾರ್ಲೆಟ್ ಒಬ್ಬಳೇ ಕುಳಿತು ‘ಶರ್ಲಿ’ ಮುಗಿಸಿ, ‘ವಿಲೆಟ್’ ಬರೆದಳು. 1854ರ ಜೂನ್ 29ರಂದು ತಂದೆಯ ಸಹಾಯಕ ಪಾದ್ರಿ ಆರ್ಥರ್ ಬೆಲ್ ನಿಕೋಲ್ಸ್ ಅವರನ್ನು ಮದುವೆಯಾದಳು. ಹೆಂಡತಿಯ ಹಣ ಗಂಡನದಾಗುವ ಕಾನೂನು ಆಗಿನದು. ಆದ್ದರಿಂದ ತನ್ನ ಗಳಿಕೆಯ ರಕ್ಷಣೆಗೆ ಮದುವೆಗೆ ಮುನ್ನವೇ ಕರಾರುಪತ್ರ ಬರೆಸಿಕೊಂಡಿದ್ದಳು. ಆ ಕಾನೂನು ಬದಲಾದದ್ದು 1870 ಮತ್ತು 1882ರಲ್ಲಿ. 1855ರ ಮಾರ್ಚ್ 31ರಂದು, ಗರ್ಭಿಣಿಯಾಗಿದ್ದಾಗ, 38ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಆರು ಮಕ್ಕಳನ್ನೂ ಕಳೆದುಕೊಂಡ ತಂದೆ 1861ರವರೆಗೆ ಬದುಕಿದರು.

1857ರಲ್ಲಿ ಎಲಿಜಬೆತ್ ಗ್ಯಾಸ್ಕೆಲ್ ಬರೆದ ಜೀವನಚರಿತ್ರೆ ಬಂದಾಗ ಕೌವನ್ ಬ್ರಿಜ್ ಪರವಾಗಿ ಕೆಲವರು ಪತ್ರಿಕೆಗಳಲ್ಲಿ ವಾದಿಸಿದರು. ಆ ಶಾಲೆಯಿಂದ ಉಪಕಾರ ಪಡೆದವರೂ ಇದ್ದರು. ಆದರೆ ಲೋಕದ ನೆನಪಿನಲ್ಲಿ ಉಳಿದದ್ದು ಲೋವುಡ್. ಕಟ್ಟಡ ಕಟ್ಟಿಸಿದವರಿಗೆ ಗೊತ್ತಾಗದ ಸಂಗತಿಗಳನ್ನು ಕೊನೆಯ ಬೆಂಚಿನ ಮಗು ಗಮನಿಸುತ್ತಿರುತ್ತದೆ: ಗಂಜಿ ಹೇಗಿತ್ತು, ಯಾರು ಗದರಿದರು, ಯಾರು ತಲೆ ನೇವರಿಸಿದರು. ವ್ಯಾಕರಣ ತಿಳಿಯದು ಎಂದು ಷರಾ ಬರೆಸಿಕೊಂಡ ಹುಡುಗಿಯೇ ಇಪ್ಪತ್ತೆರಡು ವರ್ಷಗಳ ನಂತರ ಆ ಶಾಲೆಯ ಬಗ್ಗೆ ಎಂದೂ ಅಳಿಯದ ಷರಾ ಬರೆದಳು.