ಶಿವರಾಮ ಕಾರಂತರ ಬಹುಪ್ರಕಾರ ಬರವಣಿಗೆ: ಪ್ರೇರಣೆ ಮತ್ತು ಸ್ವರೂಪ

ಕೋಟ ಶಿವರಾಮ ಕಾರಂತರನ್ನು (1902–1997) ಕನ್ನಡ ವಿಮರ್ಶೆಯು ಪ್ರಧಾನವಾಗಿ ಕಾದಂಬರಿಕಾರರೆಂದೇ ಗುರುತಿಸುತ್ತ ಬಂದಿದೆ. ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ರಚಿಸಿದವರ ಬಗೆಗೆ ಇದು ಸಹಜವೂ ಹೌದು. ಆದರೆ ಅವರ ನಾಟಕ, ಪ್ರವಾಸಕಥನ, ನಿಘಂಟು, ವಿಜ್ಞಾನ ಬರಹ, ಮಕ್ಕಳ ಸಾಹಿತ್ಯ, ಕಲಾಧ್ಯಯನಗಳನ್ನು ಕಾದಂಬರಿಗಳ ನಡುವಿನ ಬಿಡುವಿನ ಕೆಲಸವೆಂದು ಭಾವಿಸಿದರೆ ಅವರ ಬರವಣಿಗೆಯ ಮೂಲಪ್ರೇರಣೆಯೇ ಕೈತಪ್ಪುತ್ತದೆ.

ಕೋಟದಲ್ಲಿ ಜನಿಸಿದ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಸರಕಾರಿ ಕಾಲೇಜಿನ ವ್ಯಾಸಂಗವನ್ನು ತೊರೆದರು. ಖಾದಿ ಪ್ರಚಾರ ಮತ್ತು ಸಮಾಜ ಸುಧಾರಣೆಗಳಲ್ಲಿ ತೊಡಗಿದ್ದ ಆ ವರ್ಷಗಳಲ್ಲಿ ಅವರು ನಡೆಸಿದ ‘ವಸಂತ’ ಪತ್ರಿಕೆಯೇ ಅವರ ಬರವಣಿಗೆಯ ಮೊದಲ ಅಂಗಳವಾಯಿತು. 1924ರಲ್ಲಿ ‘ರಾಷ್ಟ್ರಗೀತ ಸುಧಾಕರ’ ಎಂಬ ಕವನ ಸಂಕಲನ ಪ್ರಕಟವಾಯಿತಾದರೂ ಅವರು ಬೇಗನೆ ಗದ್ಯದತ್ತ ಹೊರಳಿದರು. ಹೇಳಬೇಕಾದ ವಸ್ತುವಿಗೆ ಒಗ್ಗದ ರೂಪವನ್ನು ಬಿಟ್ಟುಕೊಡುವ ಈ ಪ್ರವೃತ್ತಿ ಮುಂದೆಯೂ ಉಳಿಯಿತು.

‘ಚೋಮನ ದುಡಿ’ (1933) ಉಳುವ ನೆಲಕ್ಕಾಗಿ ಹಂಬಲಿಸುವ ದಲಿತನೊಬ್ಬನ ಬದುಕನ್ನು ಚಿತ್ರಿಸುತ್ತದೆ. ಸುಧಾರಕನ ಭಾಷಣ ತಲುಪಲಾರದ ಆ ಸಂಕಟಕ್ಕೆ ಕಥನವೇ ತಕ್ಕ ಮಾಧ್ಯಮವಾಗಿತ್ತು. ಅದೇ ದಶಕದಲ್ಲಿ ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳಿಗೆ ಇಳಿದ ಕಾರಂತರಿಗೆ ಎದುರಾದ ಕೊರತೆ ಬೇರೆ ಬಗೆಯದು: ಮಗುವಿನ ಕುತೂಹಲವನ್ನು ತಣಿಸಬಲ್ಲ ಕನ್ನಡ ಗ್ರಂಥಗಳೇ ವಿರಳವಾಗಿದ್ದವು. ಮೂರು ಸಂಪುಟಗಳ ‘ಬಾಲ ಪ್ರಪಂಚ’ (1936), ಅನಂತರದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಈ ಕೊರತೆಗೆ ನೀಡಿದ ಉತ್ತರಗಳು. ಬರವಣಿಗೆ ಮತ್ತು ಪ್ರಕಟಣೆಗಳನ್ನೇ ನೆಚ್ಚಿ ಬದುಕಿದವರಿಗೆ ಹಣದ ಅಗತ್ಯವೂ ಇದ್ದಿತು. ಆದರೆ ಅದೊಂದೇ ಕಾರಣ ಇಂತಹ ದೀರ್ಘ ಪರಿಶ್ರಮವನ್ನು ವಿವರಿಸಲಾರದು.

ಯಕ್ಷಗಾನದ ವಿಷಯದಲ್ಲಿ ಅಗತ್ಯ ಮತ್ತೂ ಭಿನ್ನವಾಗಿತ್ತು. ಕುಣಿತ, ವೇಷ, ರಾಗಗಳು ಕಲಾವಿದರ ದೇಹ ಮತ್ತು ನೆನಪುಗಳಲ್ಲಿ ಉಳಿದಿದ್ದವೇ ಹೊರತು ಬರಹದಲ್ಲಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ 1959ರ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ ಅವುಗಳನ್ನು ಶೋಧಿಸಿ ದಾಖಲಿಸಿತು. ದಾಖಲೆಯೂ ಸಾಲದೆಂದು ತೋರಿದಾಗ ಅವರು ರಂಗಪ್ರಯೋಗಕ್ಕೇ ಇಳಿದರು.

ಈ ಹಾದಿಗಳು ಕಾದಂಬರಿಯಿಂದ ದೂರ ಸರಿದವುಗಳಲ್ಲ. ‘ಮೂಕಜ್ಜಿಯ ಕನಸುಗಳು’ (1968) ಕೃತಿಯಲ್ಲಿ ಅಜ್ಜಿ ಹಳೆಯ ವಸ್ತುಗಳನ್ನು ಮುಟ್ಟಿ ಮನುಷ್ಯನ ನಂಬಿಕೆಗಳ ಪೂರ್ವಚರಿತ್ರೆಯನ್ನು ಕಾಣುತ್ತಾಳೆ. ಶಿಲ್ಪ, ಇತಿಹಾಸ, ಮಾನವ ವಿಕಾಸಗಳನ್ನು ದಶಕಗಳ ಕಾಲ ಅಭ್ಯಸಿಸಿದ ಮನಸ್ಸಿನ ಬೆನ್ನಿಲ್ಲದೆ ಆ ಅಜ್ಜಿ ಹುಟ್ಟುವುದು ಕಷ್ಟ. ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ ಕೃತಿ ಇದೇ ಎಂಬುದು ಗಮನಾರ್ಹ.

ಈ ವಿಸ್ತಾರಕ್ಕೆ ಮಿತಿಗಳೂ ಇವೆ. ವಿಜ್ಞಾನ ಸಂಪುಟಗಳ ಎಷ್ಟೋ ಮಾಹಿತಿ ಇಂದು ಹಳತಾಗಿದೆ. ಆದರೆ ಹೊಸ ತಿಳಿವನ್ನು ಆಡುಮಾತಿಗೆ ಸಮೀಪದ ಕನ್ನಡದಲ್ಲಿ ಹೇಳಬಹುದೆಂಬ ನಿದರ್ಶನ ಹಳತಾಗಿಲ್ಲ. ಕಾರಂತರ ಮಟ್ಟಿಗೆ ಪ್ರಕಾರವೆಂಬುದು ಲೇಖಕನ ಗುರುತಲ್ಲ, ಪ್ರಶ್ನೆಗೆ ತಕ್ಕಂತೆ ಆರಿಸಿಕೊಂಡ ಉಪಕರಣ. ಕಾದಂಬರಿಗಳನ್ನಷ್ಟೇ ಪಠ್ಯವಾಗಿಸಿಕೊಂಡಿರುವ ಅಧ್ಯಯನವು ಉಳಿದ ಬರಹಗಳನ್ನೂ ಅವುಗಳ ಜೊತೆಗಿರಿಸಿ ಓದಿದಾಗ ಮಾತ್ರ ಅವರ ಸಾಹಿತ್ಯದ ಸಮಗ್ರ ಸ್ವರೂಪ ಸ್ಪಷ್ಟವಾದೀತು.